ಕೆಂಗೇರಿ ರೇಖೆ: ಚಳಿಗಾಲಕ್ಕೆ ಮುನ್ನ ಬ್ರೇಕೋ, ಸಸ್ಪೆನ್ಷನ್ನೋ?

ಬೆಂಗಳೂರಿನ ದಾಖಲೆಯಲ್ಲಿ ಚಳಿ ಎಂದು ಧೈರ್ಯವಾಗಿ ಕರೆಯಬಹುದಾದದ್ದು ಬಂದಿದ್ದು 1884ರ ಜನವರಿ 13ರಂದು. ಅವತ್ತು ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿ 29ರಂದು. ಅಂದರೆ ಊರಿಗೆ ಚಳಿ ಬಂದಾಗ ಕಾರಿರಲಿಲ್ಲ, ಕಾರು ಬಂದ ಮೇಲೆ ಅಂಥ ಚಳಿ ಈ ಕಡೆ ತಲೆ ಹಾಕಲಿಲ್ಲ. ಇಷ್ಟಿದ್ದರೂ ದೀಪಾವಳಿಯ ಪಟಾಕಿ ಕಸ ಗುಡಿಸುವುದು ಮುಗಿಯುತ್ತಿದ್ದಂತೆ ಬಸವೇಶ್ವರನಗರ, ರಾಜಾಜಿನಗರ, ವಿಜಯನಗರಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಚಳಿಗಾಲಕ್ಕೆ ಮುಂಚೆ ಕಾರಿಗೆ ಬ್ರೇಕ್ ಮಾಡಿಸಬೇಕೋ, ಸಸ್ಪೆನ್ಷನ್ ಮಾಡಿಸಬೇಕೋ? ಕೈಯಲ್ಲಿರುವ ದುಡ್ಡು ಒಂದಕ್ಕೇ ಆಗುವಷ್ಟು.

ಪ್ರಶ್ನೆಯ ಮೂಲ ಕೆನಡಾ. ಈ ಭಾಗದ ಯಾವ ಅಡ್ಡರಸ್ತೆಗೆ ಹೋದರೂ ಮಗನೋ ಅಳಿಯನೋ ಕೆನಡಾದಲ್ಲಿರುವ ಮನೆ ಒಂದಾದರೂ ಸಿಗುತ್ತದೆ. ಅಲ್ಲಿನ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಹಾಕಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಹಿಮ, ಹಿಮ ಕರಗಲೆಂದು ಎರಚುವ ಉಪ್ಪು, ಉಪ್ಪಿಗೆ ಹಿಡಿಯುವ ತುಕ್ಕು ಎಲ್ಲವೂ ಅಲ್ಲಿ ನಿಜ. ಹಾಗಾಗಿ ಅಳಿಯಂದಿರು ಫೋನಿನಲ್ಲಿ, "ಮಾವ, ವಿಂಟರ್‌ಗೆ ಮುಂಚೆ ಗಾಡಿ ಒಂದ್ಸಲ ಚೆಕ್ ಮಾಡಿಸ್ಬಿಡಿ" ಎನ್ನುತ್ತಾರೆ. ಮಾವನವರು 18 ಡಿಗ್ರಿಯಲ್ಲಿ ಮಂಕಿ ಕ್ಯಾಪು ಎಳೆದುಕೊಂಡು, ಅದರ ಮೇಲೆ ಮಫ್ಲರ್ ಸುತ್ತಿಕೊಂಡು, ಹಾವನೂರು ವೃತ್ತದ ಕಡೆ ವಾಕಿಂಗ್ ಹೊರಟು ವಿಷಯವನ್ನು ಗೆಳೆಯರ ಮುಂದಿಡುತ್ತಾರೆ. ಕಾಫಿ ಬರುವಷ್ಟರಲ್ಲಿ ಸಭೆ ಎರಡು ಪಂಗಡವಾಗಿರುತ್ತದೆ. "ಗಾಡಿ ನಿಲ್ಲಲಿಲ್ಲ ಅಂದ್ರೆ ಉಳಿದಿದ್ದೆಲ್ಲ ಇಟ್ಕೊಂಡು ಏನ್ಮಾಡ್ತೀರ ಸ್ವಾಮಿ" ಎನ್ನುವವರು ಬ್ರೇಕ್ ಪಂಗಡ. ಇವರಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು ಹೆಚ್ಚು. ಬೆನ್ನುಮೂಳೆಯ ಎಂಆರ್‌ಐ ಮಾಡಿಸಿದವರೆಲ್ಲ ಸಸ್ಪೆನ್ಷನ್ ಪಂಗಡ.

ಎರಡೂ ಪಂಗಡದವರು ಕೊನೆಗೆ ಬರುವುದು ನನ್ನ ಹತ್ತಿರ. ಈ ಕ್ಷೇತ್ರದಲ್ಲಿ ನನಗೆ ಇರುವ ಅರ್ಹತೆಯನ್ನು ಇದುವರೆಗೆ ಯಾರೂ ಕೇಳಿಲ್ಲವಾದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲು ನಮ್ಮ ಚಳಿಗಾಲ ಯಾವುದೆಂದು ಗೊತ್ತು ಮಾಡಿಕೊಳ್ಳಬೇಕು. ಕ್ವಿಬೆಕ್‌ನಲ್ಲಿ ರಸ್ತೆಯ ಮೇಲೆ ಹಿಮ ಬೀಳುತ್ತದೆ, ಇಲ್ಲಿ ರಸ್ತೆಯೇ ಬೀಳುತ್ತದೆ. ಬೆಂಗಳೂರಿಗೆ ಅತಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಟಾರಿನ ಬಿರುಕಿಗೆ ನೀರು ಇಳಿಯುತ್ತದೆ; ಮೇಲೆ ಬಸ್ಸಿನ ಚಕ್ರ ಹಾದಾಗಲೆಲ್ಲ ಒಳಗಿನ ನೀರು ಒತ್ತಡಕ್ಕೆ ಸಿಕ್ಕಿ ಜಲ್ಲಿಗೆ ಅಂಟಿದ ಡಾಂಬರನ್ನು ಬಿಡಿಸುತ್ತದೆ; ಜಲ್ಲಿ ಒಂದೊಂದೇ ಎದ್ದು ಪಕ್ಕಕ್ಕೆ ಹೋಗುತ್ತದೆ. ಮಳೆ ಸಾಕೆನಿಸುವ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲೊಂದು ವಾಯುಭಾರ ಕುಸಿತ. 2024ರಲ್ಲಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಮುಟ್ಟಿ, ಡಿಸೆಂಬರ್ ಆರಂಭದಲ್ಲಿ ನಮ್ಮ ಮೇಲೆ ದಿನವಿಡೀ ಜಿಟಿಜಿಟಿ ಸುರಿಸಿತು. ಹೀಗೆ ಬೆಂಗಳೂರಿನ ಚಳಿಗಾಲವೆಂದರೆ ಗುಂಡಿ ಪೂರ್ತಿ ಬೆಳೆದು ನಿಂತ ಕಾಲ. ಅದರ ಮೇಲೆ ಶಬರಿಮಲೆ, ಮದುವೆ, ಮೈಸೂರಿನ ಬಂಧುಗಳು.

ಈಗ ಬ್ರೇಕು. ಬ್ರೇಕಿನ ಕೆಲಸ ಓಟವನ್ನು ಶಾಖ ಮಾಡುವುದು. ಎಷ್ಟು ಶಾಖ ಎನ್ನುವುದು ವೇಗದ ವರ್ಗಕ್ಕೆ ಅನುಗುಣ. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ಬೆಂಗಳೂರಿನ ನಗರಕೇಂದ್ರದಲ್ಲಿ 10 ಕಿ.ಮೀ. ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಅಂದರೆ ಗಂಟೆಗೆ 20 ಕಿ.ಮೀ. ಚಿಲ್ಲರೆ. ಒಂದು ಟನ್ ತೂಕದ ಕಾರು 20ರ ವೇಗದಿಂದ ನಿಂತರೆ ಹುಟ್ಟುವ ಶಾಖ ಸುಮಾರು 15 ಕಿಲೋಜೂಲ್. ಇದರಲ್ಲಿ ಆರಿಹೋದ ಅರ್ಧ ಲೋಟ ಕಾಫಿಯನ್ನು ಕುಡಿಯುವಷ್ಟು ಬೆಚ್ಚಗೆ ಮಾಡಬಹುದು. ಬಿಸಿ ಬಿಸಿ ಬೇಕೆಂದರೆ ಆಗುವುದಿಲ್ಲ. ಅದೇ ಕಾರು 100ರ ವೇಗದಿಂದ ನಿಂತರೆ 25 ಪಟ್ಟು, ಒಂದು ಲೀಟರ್ ನೀರು ಕುದಿಸಿ ಮಿಕ್ಕುವಷ್ಟು. ಈ 25 ಎಂಬ ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಬ್ರೇಕ್ ಪಂಗಡದವರು ಇದನ್ನು ನೆನಪಿಟ್ಟುಕೊಳ್ಳುವುದಿಲ್ಲ.

ಅವರು ನೆನಪಿಟ್ಟುಕೊಳ್ಳುವುದು ಯೂಟ್ಯೂಬಿನಲ್ಲಿ ಕಂಡ ರೇಸ್ ಕಾರಿನ ಪ್ಯಾಡನ್ನು. ರೇಸಿನ ಪ್ಯಾಡು ಚೆನ್ನಾಗಿ ಕಾದ ಮೇಲೆಯೇ ಕಚ್ಚುವುದು. ತಣ್ಣಗಿದ್ದಾಗ ಕಂಪನಿ ಪ್ಯಾಡಿಗಿಂತ ಕಡೆ. ನವರಂಗ್‌ನಿಂದ ಹೊರಟು ಭಾಷ್ಯಂ ವೃತ್ತ ಮುಟ್ಟುವವರೆಗೂ ಅಂಥ ಪ್ಯಾಡು ಕಣ್ಣೇ ಬಿಟ್ಟಿರುವುದಿಲ್ಲ. ಇನ್ನು ಕೆಲವರು ಹಿಂದಿನ ಚಕ್ರದ ಡ್ರಮ್ಮಿನ ಮೇಲೆ ಪ್ಲಾಸ್ಟಿಕ್ಕಿನ ಕೆಂಪು ಕ್ಯಾಲಿಪರ್ ಕವರು ಅಂಟಿಸಿಕೊಂಡು ಬರುತ್ತಾರೆ. ಅದರ ಒಳಗೆ ಡಿಸ್ಕೂ ಇಲ್ಲ, ಕ್ಯಾಲಿಪರೂ ಇಲ್ಲ. ಆದರೆ ಹಿಂದಿನ ಬೈಕಿನವನು ಹೆದರಿ ಎರಡಡಿ ದೂರ ಉಳಿದರೆ ಅದೂ ಒಂದು ಬ್ರೇಕಿಂಗ್ ಸುಧಾರಣೆಯೇ ಎಂದು ನಾನು ದಾಖಲಿಸಿಕೊಂಡಿದ್ದೇನೆ.

ಬ್ರೇಕ್ ಆಯಿಲ್ ಬದಲಿಸಿ ಎಂದರೆ ಮಾತ್ರ ಯಾರ ಮುಖದಲ್ಲೂ ಕಳೆ ಬರುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿಯವರೆಗೆ ಕುದಿಯಬಾರದು. ನೀರು ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230, 155. ಕುದ್ದರೆ ಪೈಪಿನಲ್ಲಿ ಗುಳ್ಳೆ, ಗುಳ್ಳೆ ಬಂದರೆ ಪೆಡಲು ನೆಲಕ್ಕೆ. ಎರಡು ವರ್ಷಕ್ಕೊಮ್ಮೆ ಬದಲಿಸಲು ಆಗುವುದು ಕೆಲವು ನೂರು ರೂಪಾಯಿ. ಆದರೆ ಬಾನೆಟ್ಟು ಎತ್ತಿ ಪಕ್ಕದ ಮನೆಯವರಿಗೆ "ನೋಡಿ, ಹೊಸ ಆಯಿಲ್" ಎಂದು ತೋರಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ.

ಹಾಗೆ ನೋಡಿದರೆ ಖಾಸಗಿ ಬ್ರೇಕಿಗೆ ದುಡ್ಡು ಹಾಕುವುದೇ ದಂಡ, ಏಕೆಂದರೆ ಪಶ್ಚಿಮ ಬೆಂಗಳೂರಿನಲ್ಲಿ ಬ್ರೇಕು ಸಾರ್ವಜನಿಕ ಸೌಲಭ್ಯ. ಅದನ್ನು ಹಂಪ್ ಎನ್ನುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 99ನೇ ಮಾರ್ಗಸೂಚಿಯ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ವೃತ್ತದ ತುಂಡಿನಂತೆ ಇರಬೇಕು. ಕಾರು ಅದರ ಮೇಲೆ ಗಂಟೆಗೆ 25 ಕಿ.ಮೀ.ನಲ್ಲಿ ನಿರಾಳವಾಗಿ ಹಾಯಬೇಕು. ನಮ್ಮ ಬಡಾವಣೆಯ ಹಂಪುಗಳನ್ನು ರಾತ್ರಿ ಹನ್ನೊಂದರ ಮೇಲೆ, ಮಿಕ್ಕಿದ ಟಾರಿನಲ್ಲಿ, ಯಾರದೋ ಮೊಮ್ಮಗು ಆಟವಾಡುವ ಗೇಟಿನ ಮುಂದೆ ಕಟ್ಟುತ್ತಾರೆ. ಬೆಳಿಗ್ಗೆ ಏಳುವ ಹೊತ್ತಿಗೆ ಅದು ಮಾಗಡಿಯ ಬೆಟ್ಟದ ಕಡೆಯಿಂದ ಒಂದು ಕವಲು ನಮ್ಮ ಬೀದಿಗೂ ಬಂದಂತೆ ನಿಂತಿರುತ್ತದೆ. 25ರಲ್ಲಿ ಹಾಯ್ದರೆ ತಲೆ ಸೂರಿಗೆ, 5ರಲ್ಲಿ ಹಾಯ್ದರೆ ಹೊಟ್ಟೆ ನೆಲಕ್ಕೆ. ಸಾಮಾನ್ಯ ಹ್ಯಾಚ್‌ಬ್ಯಾಕಿನ ಗ್ರೌಂಡ್ ಕ್ಲಿಯರೆನ್ಸ್ 160-170 ಮಿ.ಮೀ.; ಹಿಂದೆ ಮೂವರು ಬೀಗರು ಕೂತರೆ ಅದೂ ಇರುವುದಿಲ್ಲ. ಹಂಪಿನಿಂದ ಇಳಿದ ಮುಂಗಾಲಿಗೆ ಸರಿಯಾಗಿ ಒಂದು ಗುಂಡಿ. ಅತ್ತ ದರಿ, ಇತ್ತ ಪುಲಿ. ನಡುವೆ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಸೀಟಿ ಊದುತ್ತಾ "ಬನ್ನಿ ಬನ್ನಿ" ಎನ್ನುತ್ತಿರುತ್ತಾನೆ.

ಗುಂಡಿಯ ವಿಷಯದಲ್ಲಿ ನಮ್ಮ ಭಾಗಕ್ಕೆ ಅಂತರಗ್ರಹ ಮಟ್ಟದ ಅನುಭವವಿದೆ. 2019ರ ಸೆಪ್ಟೆಂಬರ್ ಆರಂಭದಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಹೇರೋಹಳ್ಳಿಯ ತುಂಗಾನಗರದ ರಸ್ತೆಯಲ್ಲಿ ಗಗನಯಾತ್ರಿಯ ದಿರಿಸು ಹಾಕಿಸಿ ಒಬ್ಬರನ್ನು ನಿಧಾನವಾಗಿ ನಡೆಸಿದರು. ಪಕ್ಕದಲ್ಲಿ ಆಟೊ ಹಾದುಹೋಗುವವರೆಗೂ ಅದು ಚಂದ್ರನೆಂದೇ ಜನ ನಂಬಿದರು. ಅದೇ ವಾರ ಚಂದ್ರಯಾನ-2ರ ವಿಕ್ರಮ್ ನಿಜವಾದ ಚಂದ್ರನ ಮೇಲೆ ಇಳಿಯಬೇಕಿತ್ತು. ಅದನ್ನು ನಿಯಂತ್ರಿಸುತ್ತಿದ್ದ ಇಸ್ರೋದ ಇಸ್ಟ್ರ್ಯಾಕ್ ಇರುವುದು ಪೀಣ್ಯದಲ್ಲಿ, ರಾಜಾಜಿನಗರದವರಿಗೆ ನೆರೆಮನೆ. ಆ ಇಳಿಯುವಿಕೆಯ ಹಂತಗಳ ಹೆಸರೇ ರಫ್ ಬ್ರೇಕಿಂಗ್, ಫೈನ್ ಬ್ರೇಕಿಂಗ್. ಮೊದಲ ಹಂತದಲ್ಲಿ ವೇಗ ಸೆಕೆಂಡಿಗೆ 1,683 ಮೀಟರ್‌ನಿಂದ 146ಕ್ಕೆ ಸರಿಯಾಗಿಯೇ ಇಳಿಯಿತು. ಎರಡನೆಯ ಹಂತದಲ್ಲಿ ವೇಗ ಇಳಿಯಬೇಕಾದ್ದಕ್ಕಿಂತ ಹೆಚ್ಚು ಇಳಿಯಿತು, ಅದರಿಂದ ಮುಂದಿನ ಲೆಕ್ಕವೆಲ್ಲ ತಪ್ಪಿತು, ಲ್ಯಾಂಡರು ಗೊತ್ತುಪಡಿಸಿದ ಜಾಗದಿಂದ 500 ಮೀಟರ್ ಒಳಗೆ ಅಪ್ಪಳಿಸಿತು ಎಂದು ಸರ್ಕಾರ ಸಂಸತ್ತಿಗೆ ಉತ್ತರ ಕೊಟ್ಟಿದೆ.

ಮಾಗಡಿ ರಸ್ತೆಯಲ್ಲಿ ದಿನಾ ಆಗುವುದು ಇದೇ. ಗುಂಡಿ ಕಂಡ ಕೂಡಲೇ ಕಾಲು ಪೂರ್ತಿ ಬ್ರೇಕಿನ ಮೇಲೆ. ಕಾರಿನ ಮೂತಿ ಬಗ್ಗುತ್ತದೆ, ಮುಂದಿನ ಸ್ಪ್ರಿಂಗು ಮೊದಲೇ ಅದುಮಿ ಕೂರುತ್ತದೆ, ಗುಂಡಿಯ ಅಂಚು ತಗಲುವ ಹೊತ್ತಿಗೆ ಶಾಕಾಬ್ಸರಿಗೆ ಮೇಲೆ ಹೋಗಲು ಜಾಗವೇ ಉಳಿದಿರುವುದಿಲ್ಲ. ಗುಂಡಿಗೆ ಮುಂಚೆ ನಿಧಾನ ಮಾಡಿ, ಚಕ್ರ ಇಳಿಯುವ ಗಳಿಗೆಯಲ್ಲಿ ಕಾಲು ಎತ್ತಬೇಕು. ಇದಕ್ಕೆ ಯಾವ ಅಪ್‌ಗ್ರೇಡೂ ಬೇಡ, ಒಂದು ಪೈಸೆ ಖರ್ಚಿಲ್ಲ. ಹಾಗಾಗಿಯೇ ಇದು ಜನಪ್ರಿಯವಾಗಿಲ್ಲ.

ಇಸ್ರೋದವರು ಆಮೇಲೆ ಏನು ಮಾಡಿದರು? ಬ್ರೇಕೋ ಸಸ್ಪೆನ್ಷನ್ನೋ ಎಂದು ವಾಕಿಂಗ್‌ನಲ್ಲಿ ಜಗಳ ಆಡಲಿಲ್ಲ. ಇಳಿಸುವ ತಂತ್ರಾಂಶ ತಿದ್ದಿದರು, ಕಾಲನ್ನೂ ಗಟ್ಟಿ ಮಾಡಿದರು. ಸೆಕೆಂಡಿಗೆ 2 ಮೀಟರ್ ವೇಗದ ಪೆಟ್ಟು ತಡೆಯುತ್ತಿದ್ದ ಕಾಲು ಚಂದ್ರಯಾನ-3ರಲ್ಲಿ 3 ಮೀಟರ್ ತಡೆಯುವಂತಾಯಿತು. 2023ರ ಆಗಸ್ಟ್ 23ರಂದು ಇಳಿಯಿತು. ಅವರು ಮಾಡಿದ ಮೂರನೆಯ ಕೆಲಸವೊಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಸಸ್ಪೆನ್ಷನ್ ಪಂಗಡದ ವಾದ ಆಲಿಸಲು ಕಾಮಾಕ್ಷಿಪಾಳ್ಯದ ಯಾವುದಾದರೂ ಗ್ಯಾರೇಜಿನಲ್ಲಿ ಒಂದು ಬೆಳಗು ಕಳೆಯಬೇಕು. ಮೆಕ್ಯಾನಿಕ್ ಮೊದಲು ಮುಂದಿನ ಮೂಲೆಯನ್ನು ಎರಡೂ ಕೈಯಿಂದ ಅದುಮಿ ಬಿಡುತ್ತಾನೆ. ಮೂತಿ ಎದ್ದು ಒಮ್ಮೆ ಕೂತರೆ ಸರಿ. ಹೌದು ಹೌದು ಎಂದು ತಲೆಯಾಡಿಸುತ್ತಲೇ ಇದ್ದರೆ ಶಾಕಾಬ್ಸರ್ ಹೋಗಿದೆ. ಆಮೇಲೆ ಜಾಕ್ ಕೊಟ್ಟು, ಲೋಯರ್ ಆರ್ಮಿನ ಸಂದಿಗೆ ಟೈರ್ ಲಿವರ್ ತೂರಿಸಿ ಮೀಟುತ್ತಾನೆ. ಮಣ್ಣು, ಗ್ರೀಸು ಮೆತ್ತಿದ ರಬ್ಬರ್ ಬುಷ್ಷಿನ ನಡುವೆ ಸೀಳು ಬಾಯಿ ತೆರೆಯುತ್ತದೆ, ಲಿವರ್ ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಓನರ್ ಬಗ್ಗಿ ನೋಡಿ, ಏನೂ ಕಾಣದಿದ್ದರೂ, "ಓ ಹೌದಲ್ಲ" ಎನ್ನಬೇಕು. ಇದು ಶಿಷ್ಟಾಚಾರ.

"ಬುಷ್ ಕತೆ ಮುಗ್ದೈತೆ ಸಾರ್. ಲಿಂಕ್ ರಾಡೂ ಆಡ್ತೈತೆ."

"ಚಳಿಗಾಲ ಬರ್ತಾ ಇದೆಯಲ್ಲ, ಬ್ರೇಕ್ ಮಾಡಿಸೋಣ ಅಂತಿದ್ದೆ."

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಮುಖ ನೋಡುತ್ತಾನೆ. "ಚಳಿಗೂ ಬ್ರೇಕ್‌ಗೂ ಏನ್ ಸಾರ್ ಸಂಬಂಧ?"

ಇಡೀ ಚರ್ಚೆಯಲ್ಲಿ ಈ ಪ್ರಶ್ನೆಯನ್ನು ಕೇಳಿದವನು ಅವನೊಬ್ಬನೇ. ಕೆನಡಾದಲ್ಲಿ ಅವನಿಗೆ ನೆಂಟರಿಲ್ಲ.

ಆಮೇಲೆ ಟ್ರಯಲ್. ಓನರ್ ಓಡಿಸಬೇಕು, ಮೆಕ್ಯಾನಿಕ್ ಪಕ್ಕದಲ್ಲಿ ಕೂತು, ಕಿಟಕಿ ಇಳಿಸಿ, ಎಫ್‌ಎಂ ಆರಿಸಿ, ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಾನೆ. ಸಂಗೀತ ಕಛೇರಿಯಲ್ಲಿ ಮುಂದಿನ ಸಾಲಿನವರಿಗೂ ಇಷ್ಟು ಏಕಾಗ್ರತೆ ಇರುವುದಿಲ್ಲ. ಕಟಕಟ ಎಂದರೆ ಲಿಂಕ್ ರಾಡು. ಹ್ಯಾಂಡಲ್ ತಿರುಗಿಸಿದಾಗ ಟಣ್ ಎಂದರೆ ಸ್ಟ್ರಟ್ ಮೌಂಟು. ಬ್ರೇಕ್ ಒತ್ತಿದಾಗ ಕಿರ್ರೋ ಎಂದರೆ ಪ್ಯಾಡಿನ ತಗಡು ಡಿಸ್ಕಿಗೆ ತಾಗಿ, ನಾನು ಸವೆದೆ ಎಂದು ಹೇಳಿಕೊಳ್ಳುತ್ತಿದೆ; ಆ ತಗಡನ್ನು ಇಟ್ಟಿರುವುದೇ ಹಾಗೆ ಕಿರುಚಲೆಂದು. ಡಬಡಬ ಎನ್ನುವುದು ಮಾತ್ರ ಬಹುಮಟ್ಟಿಗೆ ಡಿಕ್ಕಿಯಲ್ಲಿ ಬಿಟ್ಟ ತೆಂಗಿನಕಾಯಿ. ಸಾವಿರಾರು ರೂಪಾಯಿಯ ಕೆಲಸ ಬರೆಸುವ ಮುಂಚೆ ಡಿಕ್ಕಿ ಖಾಲಿ ಮಾಡಿಸಬೇಕೆಂದು ನಾನು ಪ್ರತಿ ಉಪನ್ಯಾಸದಲ್ಲೂ ಹೇಳುತ್ತೇನೆ.

ಆಯುಧಪೂಜೆಗೆ ಮಾಡಿಸುವ ಸರ್ವಿಸೂ ಚಳಿಗಾಲದ ತಯಾರಿಯೇ ಅಲ್ಲವೇ ಎಂದು ಕೇಳುತ್ತಾರೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಮುಂದೆ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು ಹಾಯಿಸುವುದರಿಂದ ಸಸ್ಪೆನ್ಷನ್ನಿಗೆ ಹಾನಿಯಿಲ್ಲ. ಆಮೇಲೆ ನಡುರಸ್ತೆಯಲ್ಲಿ ಒಡೆದ ಬೂದುಗುಂಬಳದ ಮೇಲೆ ಹಿಂದೆ ಬಂದ ಬೈಕಿನವನು ಜಾರಿದರೆ, ಅದು ಅವನ ಬ್ರೇಕಿನ ವಿಷಯ; ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಅತ್ಯುತ್ಸಾಹಿಗಳಿಗೆ ಒಂದು ಕಾನೂನಿನ ಎಚ್ಚರಿಕೆ. ಸ್ಪ್ರಿಂಗು ಬದಲಿಸಿ ಕಾರನ್ನು ಮೊಳದೆತ್ತರ ಏರಿಸಿಕೊಂಡರೆ ಗುಂಡಿಯ ಕಾಟ ತಪ್ಪುತ್ತದೆಂದು ಹೊರಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿದಿದೆ. ಸವೆದ ಪ್ಯಾಡು, ಬುಷ್ಷು ಬದಲಿಸಿದರೆ ತಕರಾರಿಲ್ಲ. ಒಟ್ಟಿನಲ್ಲಿ ಕಾರು ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಬೇಕು. ರಸ್ತೆಗೆ ಅಂಥ ನಿರ್ಬಂಧವಿಲ್ಲ. ಅದನ್ನು ನೀರಿನವರು, ಒಳಚರಂಡಿಯವರು, ಕೇಬಲ್ಲಿನವರು, ಮದುವೆಮನೆಯ ಶಾಮಿಯಾನದವರು ಯಾವಾಗ ಬೇಕಾದರೂ, ಯಾವ ಮೂಲ ವಿವರವನ್ನೂ ಲೆಕ್ಕಿಸದೆ ಮಾರ್ಪಡಿಸಬಹುದು. ಸುಮನಹಳ್ಳಿ ಮೇಲ್ಸೇತುವೆಯಂತೂ ಯಾರ ಸಹಾಯವೂ ಇಲ್ಲದೆ ಕಂಬಿ ಕಾಣುವಂತೆ ತೂತು ಬಿದ್ದು ತಾನೇ ಮಾರ್ಪಾಡಾಯಿತು: 2019ರ ನವೆಂಬರ್‌ನಲ್ಲಿ ಒಮ್ಮೆ, 2022ರ ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ. 2025ರ ಸೆಪ್ಟೆಂಬರ್‌ನಲ್ಲಿ ಊರಿನ ಒಂದು ಪಾಲಿಕೆ ಐದಾಗಿ, ನಮಗೊಂದು ಪಶ್ಚಿಮ ಪಾಲಿಕೆ ಬಂತು. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಬಾವಿ ಯಾರ ಪಾಲಿಗೆ ಎಂಬ ಪ್ರಶ್ನೆ ಏಳುವುದು ಹಳೆಯ ರೂಢಿ. ಗಡಿಯ ಮೇಲೆ ಬಿದ್ದ ಗುಂಡಿಗಳ ವಿಷಯದಲ್ಲಿ ಅದೇ ನ್ಯಾಯ ಅನ್ವಯಿಸಬಹುದು.

ಈಗ ತೀರ್ಪು. ನನ್ನ ಸಂಶೋಧನೆಯ ಸಾರವನ್ನು ಕೆಂಗೇರಿ ರೇಖೆ ಎಂದು ಕರೆದಿದ್ದೇನೆ. ರೇಖೆಯ ಈಚೆಗೆ, ಅಂದರೆ ನಾಯಂಡಹಳ್ಳಿ, ವಿಜಯನಗರ, ರಾಜಾಜಿನಗರದ ಕಡೆ, ವೇಗ 20. ಇಲ್ಲಿ ನಿಮ್ಮನ್ನು ನಿಲ್ಲಿಸಲು ಮುಂದಿನ ಗಾಡಿ, ಹಂಪು, ಹಸು, ಮೆಟ್ರೊ ಬ್ಯಾರಿಕೇಡು ಎಲ್ಲ ಉಚಿತವಾಗಿ ದುಡಿಯುತ್ತಿವೆ. ಸೊಂಟ ಕಾಯಲು ಮಾತ್ರ ಯಾರೂ ಇಲ್ಲ. ಇಲ್ಲಿ ಬುಷ್ಷಿಗೆ ದುಡ್ಡು ಹಾಕಿ. ರೇಖೆಯ ಆಚೆಗೆ ಮೈಸೂರು ಎಕ್ಸ್‌ಪ್ರೆಸ್‌ವೇ. 2023ರ ಮಾರ್ಚ್ 12ರಂದು ಉದ್ಘಾಟನೆಯಾದದ್ದು, ಕಾರಿಗೆ 100ರ ಮಿತಿ, ಆ ಆಗಸ್ಟಿನಿಂದ ಮುಖ್ಯ ಪಥದಲ್ಲಿ ಬೈಕು, ಆಟೊ ಕೂಡ ಇಲ್ಲ. ಕೆಂಗೇರಿಯವರೆಗೆ 20ರಲ್ಲಿ ತೆವಳಿದ ರೋಷವನ್ನೆಲ್ಲ ಜನ ಅಲ್ಲಿ ತೀರಿಸಿಕೊಳ್ಳುತ್ತಾರೆ. ಆ 25 ಪಟ್ಟು ನೆನಪಿದೆಯಲ್ಲ? ಅದು ಬೇಕಾಗುವುದು ಅಲ್ಲಿ. ಮೈಸೂರಿನ ಮದುವೆಗೆ ಹೊರಡುವವರು ಬ್ರೇಕ್ ಆಯಿಲ್, ಪ್ಯಾಡು ನೋಡಿಸಿಕೊಂಡು ಹೊರಡಿ. ಶಾಕಾಬ್ಸರ್ ಸತ್ತಿದ್ದರೆ ಚಕ್ರ ರಸ್ತೆ ಬಿಟ್ಟು ಕುಪ್ಪಳಿಸುತ್ತದೆ, ಕುಪ್ಪಳಿಸುವ ಚಕ್ರವನ್ನು ಎಂಥ ಬ್ರೇಕೂ ನಿಲ್ಲಿಸಲಾರದು ಎಂಬುದೂ ನಿಜ. ಆದರೆ ಇದನ್ನು ಒಪ್ಪಿಕೊಂಡರೆ ಎರಡು ಪಂಗಡ ಒಂದಾಗಿಬಿಡುತ್ತದೆ, ನನ್ನ ಹತ್ತಿರ ಯಾರೂ ಬರುವುದಿಲ್ಲ.

ಕಿಡಿಗೇಡಿಗಳು ಕೆಲವರು ಟೈರಿನ ಮಾತು ತೆಗೆಯುತ್ತಾರೆ. ಕ್ವಿಬೆಕ್‌ನ ಕಾನೂನು ಹೇಳುವುದು ಬ್ರೇಕಿನ ಬಗ್ಗೆಯೂ ಅಲ್ಲ, ಸಸ್ಪೆನ್ಷನ್ ಬಗ್ಗೆಯೂ ಅಲ್ಲ, ಟೈರಿನ ಬಗ್ಗೆ. ನಮ್ಮಲ್ಲೂ ಕಾರಿನ ಟೈರಿನ ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗುವಷ್ಟು ಸವೆದಿರಬಾರದೆಂದು ನಿಯಮವಿದೆ. ಸಭೆ ನಡೆಸುತ್ತಿರುವ ಮಾವನವರ ಕಾರಿನ ನಾಲ್ಕೂ ಟೈರು ಕನ್ನಡಿಯಂತೆ ನುಣುಪಾಗಿದೆ ಎಂದು ವಾದಿಸುತ್ತಾರೆ. ಪ್ರಶ್ನೆಯಲ್ಲಿ ಎರಡೇ ಆಯ್ಕೆ ಕೊಟ್ಟಿರುವಾಗ ಮೂರನೆಯದನ್ನು ತರುವುದು ಚರ್ಚೆಯ ಶಿಸ್ತಲ್ಲ.

ಇಸ್ರೋದವರ ಮೂರನೆಯ ಕೆಲಸಕ್ಕೆ ಬರುತ್ತೇನೆಂದಿದ್ದೆ. ಚಂದ್ರಯಾನ-2ಕ್ಕೆ ಇಳಿಯಲು ಗೊತ್ತುಮಾಡಿದ್ದ ಜಾಗ 500 ಮೀಟರ್‌ಗೆ 500 ಮೀಟರ್. ಚಂದ್ರಯಾನ-3ಕ್ಕೆ ಅದನ್ನು 4 ಕಿ.ಮೀ.ಗೆ 2.4 ಕಿ.ಮೀ. ಮಾಡಿದರು. ಬ್ರೇಕು, ಕಾಲು ಎಲ್ಲ ಸರಿಮಾಡಿ, ಕೊನೆಗೆ ಪಾರ್ಕಿಂಗ್ ಜಾಗವನ್ನೇ ದೊಡ್ಡದು ಮಾಡಿಕೊಂಡರು. ನಮ್ಮ ಬೀದಿಯ ಸೈಟುಗಳು 30 ಅಡಿಗೆ 40 ಅಡಿ, ಮುಂದೆ ಚರಂಡಿ, ಚರಂಡಿಯ ಮೇಲೆ ತುಳಸಿ ಕುಂಡ, ಕುಂಡದ ಪಕ್ಕ "ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು" ಎಂಬ ಫಲಕ. ಹೆಚ್ಚಿನ ಸಲಹೆ ಬೇಕಾದವರು ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಬರಬಹುದು. ಕಾರು ತರಬೇಡಿ, ನಿಲ್ಲಿಸಲು ಜಾಗವಿಲ್ಲ. ಮೆಟ್ರೊದಲ್ಲಿ ಬನ್ನಿ.